ಎರಡು ವರ್ಷದ ವಿಳಾಸ

ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳಿಗೆ ಕೊಡುವ ಇಮೇಲ್ ಖಾತೆಯ ಬಗ್ಗೆ ನಮ್ಮಲ್ಲಿ ಯಾರೂ ಹೆಚ್ಚು ಮಾತನಾಡುವುದಿಲ್ಲ. ಪ್ರವೇಶ, ಶುಲ್ಕ, ಹಾಸ್ಟೆಲ್, ವಿದ್ಯಾರ್ಥಿವೇತನ, ಪರೀಕ್ಷೆ ಇವುಗಳ ವಿಷಯದಲ್ಲಿ ಹಿರಿಯ ವಿದ್ಯಾರ್ಥಿಗಳಿಂದ ಬೇಕಾದಷ್ಟು ತಿಳಿವಳಿಕೆ ಸಿಗುತ್ತದೆ. ಖಾತೆಯ ವಿಷಯಕ್ಕೆ ಬಂದರೆ ‘ಒಂದು ಐಡಿ ಕೊಡ್ತಾರೆ, ಇಟ್ಕೋ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. 2023ರ ಕೊನೆಯಿಂದ 2025ರವರೆಗೆ ಬೆಂಗಳೂರಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಓದಿದ ನನಗೆ ಆ ಖಾತೆಯಿಂದ ಆದ ಪ್ರಯೋಜನವನ್ನೂ, ಓದು ಮುಗಿಯುವ ಹೊತ್ತಿಗೆ ಅದನ್ನು ಬಿಟ್ಟುಕೊಡುವಾಗ ಎದುರಾದ ತೊಡಕುಗಳನ್ನೂ ಬರೆದಿಡಬೇಕೆನಿಸಿದೆ. ಸಣ್ಣ ಊರುಗಳಿಂದ ಬಂದು, ತಮ್ಮ ಮನೆಯಲ್ಲೇ ಮೊದಲಿಗರಾಗಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವವರಿಗೆ ಇದು ಉಪಯೋಗಕ್ಕೆ ಬರಬಹುದು. ಖಾತೆಗೆ ಅವಧಿ ಇದೆ. ಆದರೆ ಅದರಲ್ಲಿ ಶೇಖರವಾಗುವ ಪತ್ರ, ಟಿಪ್ಪಣಿ, ಪರಿಚಯ ಇವೆಲ್ಲ ಆ ಅವಧಿ ಮುಗಿದ ಮೇಲೂ ಬೇಕಾಗುವಂಥವು.

ಖಾತೆ ಸಿಕ್ಕಿದ್ದು ತರಗತಿಗಳು ಶುರುವಾಗಿ ಕೆಲವು ವಾರಗಳಾದ ಮೇಲೆ. ವಿಭಾಗದ ಸೂಚನಾ ಫಲಕದಲ್ಲಿ ಪ್ರಕಟಣೆ ಹಾಕಿದ್ದರು. ಶುಲ್ಕದ ರಸೀದಿ ಮತ್ತು ಗುರುತಿನ ಚೀಟಿ ತೋರಿಸಿದವರಿಗೆ ಕಂಪ್ಯೂಟರ್ ಕೇಂದ್ರದಲ್ಲಿ ಒಂದು ಸಣ್ಣ ಚೀಟಿ ಕೊಡುತ್ತಿದ್ದರು. ಅದರಲ್ಲಿ ನೋಂದಣಿ ಸಂಖ್ಯೆಯಿಂದಲೇ ಮಾಡಿದ ವಿಳಾಸ ಮತ್ತು ತಾತ್ಕಾಲಿಕ ಪಾಸ್‌ವರ್ಡ್ ಇರುತ್ತಿತ್ತು. ಮೊದಲ ಸಲ ಒಳಹೊಕ್ಕ ಕೂಡಲೇ ಪಾಸ್‌ವರ್ಡ್ ಬದಲಾಯಿಸಬೇಕೆಂಬುದು ನಿಯಮ. ನನ್ನ ಹೆಸರು ಇನಿಷಿಯಲ್ ಮುಂದಾಗಿ, ಎಲ್ಲವೂ ದೊಡ್ಡಕ್ಷರದಲ್ಲಿ ಮೂಡಿದ್ದನ್ನು ಕಂಡು ಅಲ್ಲಿದ್ದ ಸಿಬ್ಬಂದಿಯನ್ನು ವಿಚಾರಿಸಿದೆ. ‘ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಂಗಿದೆಯೋ ಹಂಗೇ ಬರೋದಮ್ಮ, ಇಲ್ಲಿ ಬದಲಾಯಿಸಿದ್ರೆ ಪರೀಕ್ಷಾ ವಿಭಾಗದಲ್ಲಿ ತಾಳೆ ಆಗಲ್ಲ’ ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಪರೀಕ್ಷೆಯ ಅರ್ಜಿ, ಅಂಕಪಟ್ಟಿ, ಪದವಿ ಪ್ರಮಾಣಪತ್ರ ಇವೆಲ್ಲದರಲ್ಲೂ ಹೆಸರು ಒಂದೇ ರೀತಿ ಇರುವುದರ ಮಹತ್ವ ನನಗೆ ಮುಂದೆ ಸಂಶೋಧನಾ ಅರ್ಜಿಗಳನ್ನು ತುಂಬುವಾಗ ಸ್ಪಷ್ಟವಾಯಿತು.

ಆ ವಿಳಾಸದ ಕೊನೆಯಲ್ಲಿರುವ ‘ಎಸಿ ಡಾಟ್ ಇನ್’ ಎಂಬ ಭಾಗದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಕಾಮ್, ಇನ್ ಎಂದು ಮುಗಿಯುವ ಇಂಟರ್‌ನೆಟ್ ವಿಳಾಸಗಳನ್ನು, ಎಂದರೆ ಡೊಮೇನ್‌ಗಳನ್ನು ಹಣ ಕೊಟ್ಟ ಯಾರು ಬೇಕಾದರೂ ಕೊಳ್ಳಬಹುದು. ಎಸಿ ಡಾಟ್ ಇನ್ ಹಾಗಲ್ಲ. ಅದನ್ನು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ, ಕೇಂದ್ರ ಸರ್ಕಾರದ ಅಧೀನದಲ್ಲಿರುವ ಅರ್ನೆಟ್ ಇಂಡಿಯಾ ಎಂಬ ಸಂಸ್ಥೆ ದಾಖಲೆಗಳನ್ನು ಪರಿಶೀಲಿಸಿ ನೀಡುತ್ತದೆ. ಹಾಗಾಗಿ ಆ ವಿಳಾಸದಿಂದ ಹೋದ ಪತ್ರದ ಹಿಂದೆ ಒಂದು ಸಂಸ್ಥೆ ನಿಂತಿದೆ ಎಂಬ ನಂಬಿಕೆ ಓದುವವರಿಗೆ ಬರುತ್ತದೆ. ನನ್ನ ಕಿರುಪ್ರಬಂಧ ಬೆಂಗಳೂರಿನ ಒಳಗಿದ್ದು ಕಣ್ಮರೆಯಾದ ಕೆರೆಗಳನ್ನು ಕುರಿತದ್ದು. ಇವತ್ತಿನ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಈ ಎರಡು ಕೆರೆಗಳ ಕಾಗದಪತ್ರಗಳನ್ನು ಹುಡುಕುತ್ತ ಪತ್ರಾಗಾರಕ್ಕೆ, ಗ್ರಂಥಾಲಯಗಳಿಗೆ, ಈ ವಿಷಯದಲ್ಲಿ ಮೊದಲೇ ಕೆಲಸ ಮಾಡಿದ್ದ ವಿದ್ವಾಂಸರಿಗೆ ನಾನು ಬರೆದ ಪತ್ರಗಳೆಲ್ಲ ಈ ವಿಳಾಸದಿಂದಲೇ ಹೋದವು. ಹಿಂದೆ ಬಿ.ಎ. ಓದುವಾಗ ಸ್ವಂತ ಜಿಮೇಲ್‌ನಿಂದ ಇಂಥವೇ ಪ್ರಶ್ನೆಗಳನ್ನು ಕೇಳಿ ಬರೆದಾಗ ಉತ್ತರ ಬರುವುದು ಅಪರೂಪವಾಗಿತ್ತು. ಈಗ ಬಹುಪಾಲು ಪತ್ರಗಳಿಗೆ ಉತ್ತರ ಬಂತು. ಪರಿಚಯವೇ ಇಲ್ಲದ, ಹೊರದೇಶದಲ್ಲಿರುವ ಒಬ್ಬ ಸಂಶೋಧಕರು ನಾನು ಕೇಳಿದ ಒಂದು ನಕ್ಷೆಯ ಜೊತೆಗೆ ಕೇಳದೇ ಇದ್ದ ಇನ್ನೆರಡು ನಕ್ಷೆಗಳನ್ನೂ ಕಳಿಸಿಕೊಟ್ಟರು. ವಿದ್ಯಾರ್ಥಿಯ ಮಾತಿಗೆ ಸಂಸ್ಥೆಯ ಹೆಸರು ಕೊಡುವ ಈ ಬಲವೇ ಖಾತೆಯ ಮುಖ್ಯ ಪ್ರಯೋಜನ ಎಂದು ನಾನು ತಿಳಿದಿದ್ದೇನೆ. ಉಳಿದ ಸೌಲಭ್ಯಗಳೆಲ್ಲ ಆಮೇಲಿನವು.

ಪತ್ರ ಬರೆಯುವುದನ್ನು ನನಗೆ ಕಲಿಸಿದ್ದು ನನ್ನ ಮಾರ್ಗದರ್ಶಕಿ. ಅವರಿಗೆ ಕಳಿಸುವ ಪತ್ರಗಳು ಕನ್ನಡದಲ್ಲೇ ಇರಬೇಕು, ಆದರೆ ವಾಟ್ಸಾಪ್ ಸಂದೇಶದ ಹಾಗೆ ಇರಬಾರದು ಎಂಬುದು ಅವರ ಷರತ್ತು. ‘ವಿಷಯ ಅನ್ನೋ ಸಾಲು ಓದಿದ್ರೆ ಸಾಕು, ನಿಂಗೆ ನನ್ನಿಂದ ಏನು ಬೇಕು ಅಂತ ನಂಗೆ ಗೊತ್ತಾಗ್ಬೇಕು’ ಎಂದು ಅವರು ಹೇಳಿದ್ದನ್ನು ನಾನು ಇಂದಿಗೂ ಪಾಲಿಸುತ್ತೇನೆ. ‘ನಮಸ್ಕಾರ ಮೇಡಂ’ ಎಂದಷ್ಟೇ ವಿಷಯದ ಸಾಲಿನಲ್ಲಿ ಬರೆದ ಪತ್ರವನ್ನು ಆರು ತಿಂಗಳ ನಂತರ ಹುಡುಕಲು ಸಾಧ್ಯವಿಲ್ಲ. ‘ಸಂಪಂಗಿ ಕೆರೆ: ಎರಡನೇ ಅಧ್ಯಾಯದ ಕರಡು, ಅಭಿಪ್ರಾಯ ಕೋರಿ’ ಎಂದು ಬರೆದದ್ದು ಒಂದೇ ಪದ ಟೈಪಿಸಿದರೂ ಸಿಗುತ್ತದೆ. ಮಾನ್ಯರೆ ಎಂದು ಆರಂಭಿಸಿ, ನಾನು ಯಾರು, ಯಾವ ವಿಭಾಗ, ಏನು ಬೇಕು, ಯಾವಾಗ ಬೇಕು ಎಂಬುದನ್ನು ಮೊದಲ ನಾಲ್ಕು ಸಾಲಿನೊಳಗೆ ಹೇಳಿ, ವಿವರಗಳನ್ನು ಅದರ ಕೆಳಗೆ ಇಟ್ಟು, ವಂದನೆಗಳೊಂದಿಗೆ ಹೆಸರು ಮತ್ತು ನೋಂದಣಿ ಸಂಖ್ಯೆ ಬರೆದು ಮುಗಿಸುವ ಅಭ್ಯಾಸ ಅವರಿಂದ ಬಂದದ್ದು. ನಮ್ಮ ಶಾಲೆಗಳಲ್ಲಿ ರಜೆ ಅರ್ಜಿ ಬರೆಯುವುದನ್ನು ಕಲಿಸುತ್ತಾರೆ. ಅದೇ ಶಿಸ್ತನ್ನು ಇಮೇಲಿಗೆ ತರಬಹುದೆಂದು ಯಾರೂ ತೋರಿಸಿಕೊಡುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಇನ್ನೊಂದು ಸಮಸ್ಯೆ ಇದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಊರಿನ ಟೈಪಿಂಗ್ ಕೇಂದ್ರದಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಸಿದ ಕಡತಗಳು ನನ್ನ ಬಳಿ ಹಲವು ಇದ್ದವು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿ ಅಲ್ಲದ ಆ ಶೈಲಿಗಳಲ್ಲಿ ಕಂಪ್ಯೂಟರಿನ ಮಟ್ಟಿಗೆ ಕನ್ನಡ ಅಕ್ಷರವೇ ಇರುವುದಿಲ್ಲ; ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ, ಅಷ್ಟೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ, ಗೆರೆ, ಚಿಹ್ನೆಗಳು ಕಾಣುತ್ತವೆ. ಮಾರ್ಗದರ್ಶಕರು ಬಸ್ಸಿನಲ್ಲೋ ಮೆಟ್ರೋದಲ್ಲೋ ಫೋನಿನಲ್ಲಿ ಲಗತ್ತನ್ನು ತೆರೆದಾಗ ಕಾಣುವುದೂ ಅದೇ. ಅಂಥ ಕಡತಗಳನ್ನು ಈ ಗೂಗಲ್ ಖಾತೆಯ ಸಂಗ್ರಹಸ್ಥಳವಾದ ಡ್ರೈವ್‌ನಲ್ಲಿ ಇಟ್ಟು ‘ತೂಬು’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ, ಆ ಪದ ಅಧ್ಯಾಯದ ಪ್ರತಿ ಪುಟದಲ್ಲಿದ್ದರೂ ಸಿಗುವುದಿಲ್ಲ. ನಾನು ಎಲ್ಲ ಕಡತಗಳನ್ನೂ ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತಂದೆ. ಅರ್ಕಾವತ್ತು ಮತ್ತು ಎರಡೆರಡು ಒತ್ತಕ್ಷರಗಳು ಬರುವ ಕಡೆ ತಪ್ಪುಗಳು ಉಳಿದಿದ್ದರಿಂದ ಸಾಲುಸಾಲಾಗಿ ಓದಿ ತಿದ್ದಬೇಕಾಯಿತು. ಬೇಸರದ ಕೆಲಸ ಹೌದು. ಆದರೆ ಅದಾದ ಮೇಲೆ ‘ನೀರಗಂಟಿ’ ಎಂದು ಹುಡುಕಿದರೆ ನಾನು ಪ್ರತಿ ಮಾಡಿಕೊಂಡ ಹಳೆಯ ಆದೇಶ, ಮಾರ್ಗದರ್ಶಕಿ ಬರೆದ ಟಿಪ್ಪಣಿ, ಸಹಪಾಠಿ ಕಳಿಸಿದ ಸಂದರ್ಶನದ ಪಠ್ಯ ಮೂರೂ ಒಟ್ಟಿಗೆ ಬಂದು ನಿಲ್ಲುತ್ತಿದ್ದವು. ಕನ್ನಡದಲ್ಲಿ ಸಂಶೋಧನೆ ಮಾಡುವ ಪ್ರತಿಯೊಬ್ಬರೂ ಮೊದಲ ಸೆಮಿಸ್ಟರ್‌ನಲ್ಲೇ ಈ ಕೆಲಸ ಮುಗಿಸಿಕೊಂಡರೆ ಮುಂದಿನ ಶ್ರಮ ಬಹಳಷ್ಟು ಉಳಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ನಮ್ಮ ಕಂಪ್ಯೂಟರ್ ಕೇಂದ್ರದವರು ಎರಡು ಹಂತದ ಪರಿಶೀಲನೆಯನ್ನು ಕಡ್ಡಾಯ ಮಾಡಿದ್ದರು. ಪಾಸ್‌ವರ್ಡ್ ಕೊಟ್ಟ ಮೇಲೆ ಫೋನಿಗೆ ಬರುವ ಸಂಕೇತವನ್ನೂ ಕೊಡಬೇಕು. ಇದರ ಬಗ್ಗೆ ಹಾಸ್ಟೆಲ್‌ನಲ್ಲಿ ಅಸಮಾಧಾನವಿತ್ತು, ಏಕೆಂದರೆ ಕೆಲವರ ಫೋನ್ ಸಂಖ್ಯೆ ಅಪ್ಪನ ಹೆಸರಿನಲ್ಲಿ ಊರಿನಲ್ಲೇ ಇತ್ತು. ಇಲ್ಲಿ ಪಾಠದ ನಡುವೆ ಲಾಗಿನ್ ಆಗಬೇಕಾದರೆ ಊರಿಗೆ ಫೋನ್ ಮಾಡಿ ‘ಅಪ್ಪಾ, ಈಗ ಒಂದು ನಂಬರ್ ಬರುತ್ತೆ, ಓದಿ ಹೇಳಿ’ ಎಂದು ಕೇಳಬೇಕಿತ್ತು. ಅಂಥವರಿಗೆ ಉಪಾಯ ಅದೇ ಪುಟದಲ್ಲಿತ್ತು, ಆದರೆ ಯಾರೂ ತೋರಿಸಿರಲಿಲ್ಲ. ಗೂಗಲ್ ಖಾತೆಯಲ್ಲಿ ಎಂಟೆಂಟು ಅಂಕಿಗಳ ಹತ್ತು ಬ್ಯಾಕಪ್ ಕೋಡ್‌ಗಳನ್ನು ಮೊದಲೇ ಪಡೆದಿಟ್ಟುಕೊಳ್ಳಬಹುದು. ಒಂದೊಂದೂ ಒಂದೇ ಸಲಕ್ಕೆ ನಡೆಯುತ್ತದೆ, ಮುಗಿದರೆ ಹೊಸ ಹತ್ತನ್ನು ಪಡೆಯಬಹುದು, ಆಗ ಹಳೆಯವು ರದ್ದಾಗುತ್ತವೆ. ನಾನು ಅವನ್ನು ಮುದ್ರಿಸಿ ದಿನಚರಿಯ ಹಿಂಬದಿಯ ರಟ್ಟಿನೊಳಗೆ ಇಟ್ಟಿದ್ದೆ, ಬಳಸಿದ ಸಂಖ್ಯೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಮೂರನೇ ಸೆಮಿಸ್ಟರ್‌ನಲ್ಲಿ ಫೋನಿನ ಪರದೆ ಹೋಗಿ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ರಿಪೇರಿಗೆ ಕೊಟ್ಟಿದ್ದಾಗ ವಿಚಾರ ಸಂಕಿರಣಕ್ಕೆ ಸಾರಾಂಶ ಕಳಿಸುವ ಕೊನೆಯ ದಿನ ಬಂತು. ವಿಭಾಗದ ಪ್ರಯೋಗಾಲಯದ ಕಂಪ್ಯೂಟರಿನಿಂದ ಆ ಚೀಟಿಯ ಒಂದು ಸಂಖ್ಯೆ ಹಾಕಿ ಒಳಹೋಗಿ, ಸಾರಾಂಶ ಕಳಿಸಿ, ಹೊರಬರುವ ಮುನ್ನ ಲಾಗೌಟ್ ಮಾಡಿ ಬಂದೆ.

ಅದೇ ವರ್ಷ ನಮ್ಮ ತರಗತಿಯ ಹಲವರಿಗೆ ‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, 24 ಗಂಟೆಯೊಳಗೆ ದೃಢೀಕರಿಸದಿದ್ದರೆ ಖಾತೆ ರದ್ದಾಗುತ್ತದೆ’ ಎಂಬ ಪತ್ರ ಬಂತು. ವಿಶ್ವವಿದ್ಯಾಲಯದ ಲಾಂಛನವೂ ಅದರಲ್ಲಿತ್ತು. ಕಳಿಸಿದವರ ವಿಳಾಸವನ್ನು ಬಲದಿಂದ ಎಡಕ್ಕೆ ಓದುವುದನ್ನು ನಮ್ಮ ಹಿರಿಯ ಸಂಶೋಧನಾರ್ಥಿಯೊಬ್ಬರು ನಮಗೆ ಆಗ ಕಲಿಸಿಕೊಟ್ಟರು. ನಿಜವಾದ ವಿಳಾಸ ‘ಎಸಿ ಡಾಟ್ ಇನ್’ ಎಂದು ಮುಗಿಯುತ್ತದೆ. ಈ ಪತ್ರದ ವಿಳಾಸದಲ್ಲಿ ಎಸಿ ಮತ್ತು ಇನ್ ನಡುವೆ ಚುಕ್ಕೆಯ ಬದಲು ಅಡ್ಡಗೆರೆ ಇತ್ತು, ಅದಾದ ಮೇಲೆ ಕಾಮ್ ಇತ್ತು. ಎಂದರೆ ಅದು ಯಾರೋ ಕೊಂಡುಕೊಂಡ ಸಾಮಾನ್ಯ ಕಾಮ್ ವಿಳಾಸ, ಉಳಿದದ್ದೆಲ್ಲ ವೇಷ. ಪತ್ರದೊಳಗಿನ ಕೊಂಡಿಯ ಮೇಲೆ ಒತ್ತದೆ ಬೆರಳನ್ನು ಹಿಡಿದಿಟ್ಟರೆ ಅದು ಎಲ್ಲಿಗೆ ಹೋಗುತ್ತದೆಂಬುದು ಕಾಣುತ್ತದೆ, ಅದೂ ಬೇರೆಯೇ ಆಗಿತ್ತು. ಆ ಹಿರಿಯರು ವಿಭಾಗದಿಂದ ವಿಭಾಗಕ್ಕೆ ಹೋಗಿ ಇದನ್ನು ವಿವರಿಸಿದರು. ಅಂದು ಅವರು ಮಾಡಿದ ಕೆಲಸ ಸಂಬಳ ಪಡೆಯುವ ಸಿಬ್ಬಂದಿ ಮಾಡಬೇಕಾಗಿದ್ದ ಕೆಲಸ, ಮತ್ತು ಅದನ್ನು ಅವರು ಮಾಡಿದ ರೀತಿಗೆ ನನಗೆ ತುಂಬ ಗೌರವವಿದೆ.

ಖಾತೆಯಿಂದ ಓದಿಗೆ ಆದ ಲಾಭದ ಬಗ್ಗೆ ಹೇಳುವುದಾದರೆ ಅದು ಎರಡನೇ ವರ್ಷದಲ್ಲಿ ಹೆಚ್ಚು ಆಯಿತು. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ನೀಡಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿ 1ರಿಂದ ಜಾರಿಗೆ ಬಂತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಇ-ನಿಯತಕಾಲಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ ಸಿಗುವ ಯೋಜನೆ ಅದು. ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರ ಅದರ ನಿರ್ವಹಣೆ ನೋಡಿಕೊಳ್ಳುತ್ತದೆ. ಪತ್ರಿಕೆಗಳಲ್ಲಿ ಓದಿದಾಗ ಇದು ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳ ಮಾತು ಎನಿಸಿತ್ತು. ಆದರೆ ಕೇಂಬ್ರಿಜ್, ಆಕ್ಸ್‌ಫರ್ಡ್, ಸೇಜ್, ಟೇಲರ್ ಅಂಡ್ ಫ್ರಾನ್ಸಿಸ್ ಮುಂತಾದವರ ಇತಿಹಾಸ ನಿಯತಕಾಲಿಕೆಗಳನ್ನು ತೆರೆಯಲು ಕ್ಯಾಂಪಸ್ಸಿನ ಒಳಗೆ ಅಲ್ಲಿನ ಇಂಟರ್‌ನೆಟ್ ಸಾಕಾಗುತ್ತಿತ್ತು, ಹೊರಗಿನಿಂದ ನೋಡಬೇಕಾದರೆ ನೀವು ಈ ಸಂಸ್ಥೆಯವರು ಎಂದು ದೃಢಪಡಿಸಲು ಸಂಸ್ಥೆಯ ಖಾತೆ ಬೇಕಾಗುತ್ತಿತ್ತು. ಹಿಂದೆ ಲೇಖನದ ಮೊದಲ ಪುಟ ಮಾತ್ರ ಕಾಣಿಸಿ, ಉಳಿದದ್ದಕ್ಕೆ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತಿದ್ದ ಕಡೆ, ನಾಗರಬಾವಿಯ ಪಿ.ಜಿ. ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕುಳಿತು ಮೈಸೂರು ಸಂಸ್ಥಾನದ ನೀರಾವರಿ ಆಡಳಿತದ ಮೇಲಿನ ಲೇಖನವೊಂದನ್ನು ಅಡಿಟಿಪ್ಪಣಿಗಳ ಸಮೇತ ಓದಿ ಮುಗಿಸಿದಾಗ ಆದ ಸಂತೋಷ ದೊಡ್ಡದು. ಬಡ ಮನೆಯ ಮಗಳೊಬ್ಬಳು ಕೇಂಬ್ರಿಜ್‌ನಲ್ಲಿ ಓದುತ್ತಿರುವವರು ಓದುವ ಲೇಖನವನ್ನೇ ಅದೇ ದಿನ ಓದಬಹುದು ಎಂಬುದು ನನ್ನ ದೃಷ್ಟಿಯಲ್ಲಿ ಸಣ್ಣ ಸಂಗತಿಯಲ್ಲ. ಸಹಪಾಠಿಗಳಲ್ಲಿ ಹಲವರಿಗೆ ಈ ಬಾಗಿಲು ತಮ್ಮ ಕೈಯಲ್ಲೇ ಇದೆ ಎಂಬುದು ಗೊತ್ತಿರಲಿಲ್ಲ. ಗ್ರಂಥಪಾಲಕರು ಒಂದು ಮಧ್ಯಾಹ್ನ ತರಗತಿಗೆ ಬಂದು ತೋರಿಸಿದ ಮೇಲೆ ಬಳಕೆ ಶುರುವಾಯಿತು.

ಸಂಗ್ರಹದ ಮಿತಿಯ ವಿಷಯ ಹೀಗೆ. ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಮೊದಲು ಮಿತಿಯಿಲ್ಲದ ಸಂಗ್ರಹ ಕೊಡುತ್ತಿತ್ತು. 2021ರ ಫೆಬ್ರುವರಿಯಲ್ಲಿ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿ, ಇಡೀ ಸಂಸ್ಥೆಗೆ ಸೇರಿ 100 ಟಿಬಿ ಎಂದು ಗೊತ್ತುಪಡಿಸಿತು. ಆಗಲೇ ಇದ್ದ ಸಂಸ್ಥೆಗಳಿಗೆ 2022ರ ಜುಲೈಯಿಂದ ಅದು ಅನ್ವಯವಾಯಿತು. ಹತ್ತು ಸಾವಿರ ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಹಂಚಿದರೆ ತಲೆಗೆ 10 ಜಿಬಿ ಬರುತ್ತದೆ, ಅಧ್ಯಾಪಕರ ಮತ್ತು ಕಚೇರಿಗಳ ಬಳಕೆಯನ್ನು ಕಳೆದರೆ ಇನ್ನೂ ಕಡಿಮೆ. ಶುಲ್ಕ ಪಡೆಯದೆ ಯಾರಿಗೆ ಬೇಕಾದರೂ ಕೊಡುವ ಖಾಸಗಿ ಜಿಮೇಲ್‌ನಲ್ಲೇ 15 ಜಿಬಿ ಇರುತ್ತದೆ. ಆದ್ದರಿಂದ ವಿಶ್ವವಿದ್ಯಾಲಯದ ಖಾತೆ ಎಂದರೆ ಎಷ್ಟು ಬೇಕಾದರೂ ತುಂಬಬಹುದು ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಅನುಮತಿ ಪಡೆದು ನಾನು ತೆಗೆದ ದಾಖಲೆಗಳ ಚಿತ್ರಗಳನ್ನು ಮೂಲರೂಪದಲ್ಲಿ ಒಂದು ಹಾರ್ಡ್‌ಡಿಸ್ಕಿನಲ್ಲಿಟ್ಟು, ಓದಲು ಸಾಕಾಗುವಷ್ಟು ಕಿರಿದು ಮಾಡಿದ ಪಿಡಿಎಫ್‌ಗಳನ್ನು ಮಾತ್ರ ಖಾತೆಯಲ್ಲಿ ಇಡುತ್ತಿದ್ದೆ. 25 ಎಂಬಿ ಮೀರಿದ ಲಗತ್ತು ಪತ್ರದೊಡನೆ ಹೋಗುವುದಿಲ್ಲವಾದ್ದರಿಂದ ಕೊಂಡಿ ಕಳಿಸುವ ರೂಢಿಯೂ ಬಂತು. ಕೊಂಡಿ ಕಳಿಸುವಾಗ ಯಾರು ತೆರೆಯಬಹುದು ಎಂಬುದನ್ನು ಸಂಸ್ಥೆಯವರಿಗೆ ಮಾತ್ರ ಎಂದು ಇಟ್ಟರೆ ಹೊರಗಿನ ಪರೀಕ್ಷಕರಿಗೆ ತೆರೆಯುವುದಿಲ್ಲ ಎಂಬುದನ್ನು ನೆನಪಿಡಬೇಕು.

ಈ ಖಾತೆ ನಮ್ಮ ಸ್ವಂತದ್ದಲ್ಲ ಎಂಬುದು ಮೊದಲ ದಿನವೇ ತಿಳಿದಿರಬೇಕಾದ ವಿಷಯ. ಅದರ ನಿರ್ವಾಹಕರು ಪಾಸ್‌ವರ್ಡ್ ಬದಲಿಸಬಲ್ಲರು, ಖಾತೆಯನ್ನು ತಡೆಹಿಡಿಯಬಲ್ಲರು, ಯಾವ ಸೇವೆ ಇರಬೇಕು ಇರಬಾರದು ಎಂಬುದನ್ನು ತೀರ್ಮಾನಿಸಬಲ್ಲರು. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಬ್ಯಾಂಕಿನ ಖಾತೆ, ಆಸ್ಪತ್ರೆಯ ವರದಿ, ಮನೆಯ ಜಮೀನಿನ ಕಾಗದ ಇವುಗಳ ಪತ್ರವ್ಯವಹಾರ ಅಲ್ಲಿ ಇರಬಾರದು. ಇದಕ್ಕಿಂತ ಮುಖ್ಯವಾದದ್ದು ಪರೀಕ್ಷೆ ಮತ್ತು ಉದ್ಯೋಗದ ನೋಂದಣಿ. 2018ರ ಡಿಸೆಂಬರ್‌ನಿಂದ ಎನ್‌ಟಿಎ ಎಂಬ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ನಡೆಸುತ್ತಿರುವ, ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ಇರುವ ಯುಜಿಸಿ-ನೆಟ್ ಪರೀಕ್ಷೆಗೆ ಅರ್ಜಿ ಹಾಕುವಾಗ ಕೊಟ್ಟ ಇಮೇಲಿಗೇ ಮುಂದಿನ ಮಾಹಿತಿಗಳೆಲ್ಲ ಬರುತ್ತವೆ; ನೆಟ್ ಪ್ರಮಾಣಪತ್ರ ಬೇಕಾಗುವುದು ಎಂ.ಎ. ಮುಗಿದು ಎಷ್ಟೋ ವರ್ಷಗಳ ಮೇಲೂ ಇರಬಹುದು. ಆದ್ದರಿಂದ ನಾನು ಒಂದು ನಿಯಮ ಮಾಡಿಕೊಂಡೆ: ಓದಿಗೆ, ಅಧ್ಯಾಪಕರಿಗೆ, ಗ್ರಂಥಾಲಯಕ್ಕೆ, ಸಂಶೋಧನೆಯ ಪತ್ರಗಳಿಗೆ ವಿಶ್ವವಿದ್ಯಾಲಯದ ವಿಳಾಸ, ನನ್ನ ಹೆಸರಿನಲ್ಲಿ ಕೊನೆಯವರೆಗೂ ಉಳಿಯಬೇಕಾದ ಎಲ್ಲಕ್ಕೂ ಸ್ವಂತ ವಿಳಾಸ. ಸಂಶೋಧಕರಿಗೆ 16 ಅಂಕಿಗಳ ಶಾಶ್ವತ ಗುರುತು ಕೊಡುವ ಆರ್ಕಿಡ್‌ನಲ್ಲಿ ಒಂದಕ್ಕಿಂತ ಹೆಚ್ಚು ವಿಳಾಸಗಳನ್ನು ಸೇರಿಸಬಹುದು, ಅಲ್ಲಿ ಎರಡನ್ನೂ ಮೊದಲೇ ಸೇರಿಸಿಟ್ಟೆ.

2025ರಲ್ಲಿ ಕೊನೆಯ ಸೆಮಿಸ್ಟರ್‌ನ ಪರೀಕ್ಷೆ ಮುಗಿದು, ಗ್ರಂಥಾಲಯ, ಹಾಸ್ಟೆಲ್, ವಿಭಾಗಗಳಿಂದ ‘ನೋ ಡ್ಯೂ’ ಸಹಿ ಹಾಕಿಸುತ್ತಿದ್ದ ದಿನಗಳಲ್ಲಿ, ಉತ್ತೀರ್ಣರಾಗಿ ಹೊರಹೋಗುವವರ ಖಾತೆಗಳನ್ನು ಆ ತಿಂಗಳ ಕೊನೆಗೆ ಮುಚ್ಚಲಾಗುವುದು ಎಂಬ ಸೂಚನೆ ಬಂತು. ಬಂದದ್ದು ಅದೇ ಇನ್‌ಬಾಕ್ಸಿಗೆ ಮಾತ್ರ. ಪರೀಕ್ಷೆ ಮುಗಿಸಿ ಊರು ಸೇರಿದ, ಆ ಖಾತೆ ತೆರೆಯುವುದನ್ನೇ ಬಿಟ್ಟ ವಿದ್ಯಾರ್ಥಿಗೆ ಇದು ತಲುಪುವುದು ಹೇಗೆ ಎಂಬುದನ್ನು ಯಾರೂ ಯೋಚಿಸಿದಂತಿರಲಿಲ್ಲ. ಫಲಿತಾಂಶ ಇನ್ನೂ ಬಂದಿರಲಿಲ್ಲ, ಘಟಿಕೋತ್ಸವ ತಿಂಗಳುಗಟ್ಟಲೆ ದೂರವಿತ್ತು, ಪಿಎಚ್.ಡಿ. ಪ್ರವೇಶಕ್ಕೆ ಅರ್ಜಿ ಹಾಕುವವರು ಮಾರ್ಗದರ್ಶಕರೊಡನೆ ಇದೇ ವಿಳಾಸದಿಂದ ಪತ್ರವ್ಯವಹಾರ ನಡೆಸುತ್ತಿದ್ದರು.

ನಾನು ಸಾಗಿಸಿಕೊಂಡ ಬಗೆಯನ್ನು ಹೇಳುತ್ತೇನೆ. ಶಾಲೆ ಮತ್ತು ವಿಶ್ವವಿದ್ಯಾಲಯಗಳ ಗೂಗಲ್ ಖಾತೆಗಳಿಗೆ, ನಿರ್ವಾಹಕರು ಅನುಮತಿಸಿದ್ದರೆ, ಪತ್ರಗಳನ್ನೂ ಡ್ರೈವ್‌ನ ಕಡತಗಳನ್ನೂ ಖಾಸಗಿ ಜಿಮೇಲ್ ಖಾತೆಗೆ ನಕಲು ಮಾಡಿಕೊಡುವ ಸೌಲಭ್ಯವಿದೆ. ಸ್ವಂತ ವಿಳಾಸವನ್ನು ಕೊಟ್ಟರೆ ಅಲ್ಲಿಗೆ ಒಂದು ಸಂಕೇತ ಬರುತ್ತದೆ, ಅದನ್ನು ಇಲ್ಲಿ ತುಂಬಿದ ಮೇಲೆ ನಕಲು ಆರಂಭವಾಗುತ್ತದೆ. ಕೆಲವು ಗಂಟೆಗಳಲ್ಲಿ ಮುಗಿಯಬಹುದು, ಒಂದು ವಾರದವರೆಗೂ ಹಿಡಿಯಬಹುದು. ಕೊನೆಯ ದಿನಕ್ಕೆ ಇಟ್ಟುಕೊಳ್ಳುವ ಕೆಲಸ ಇದಲ್ಲ. ಆರಂಭಿಸುವ ಮೊದಲು ಸ್ವಂತ ಖಾತೆಯ 15 ಜಿಬಿಯಲ್ಲಿ ಎಷ್ಟು ಖಾಲಿ ಇದೆ ಎಂದು ನೋಡಿಕೊಳ್ಳಬೇಕು, ಏಕೆಂದರೆ ಪತ್ರ, ಕಡತ, ಫೋಟೋ ಮೂರಕ್ಕೂ ಸೇರಿ ಇರುವ ಜಾಗ ಅದು. ಇದರ ಜೊತೆಗೆ ಪತ್ರಗಳನ್ನೆಲ್ಲ ಎಂಬಾಕ್ಸ್ ಎಂಬ ರೂಪದ ಒಂದೇ ಕಡತವಾಗಿ ಇಳಿಸಿಕೊಂಡು ಹಾರ್ಡ್‌ಡಿಸ್ಕಿನಲ್ಲಿಟ್ಟೆ. ಥಂಡರ್‌ಬರ್ಡ್‌ನಂಥ ಉಚಿತ ತಂತ್ರಾಂಶದಲ್ಲಿ ಇಂಟರ್‌ನೆಟ್ ಇಲ್ಲದೆಯೂ ಅದನ್ನು ತೆರೆದು ಓದಬಹುದು. ಕಡತಗಳ ಹಿಂದಿನ ಆವೃತ್ತಿಗಳ ಇತಿಹಾಸ ನಕಲಿನೊಡನೆ ಬರುವುದಿಲ್ಲ. ನನ್ನ ಕಿರುಪ್ರಬಂಧದ ಮೂರನೇ ಅಧ್ಯಾಯದಲ್ಲಿ ಮಾರ್ಗದರ್ಶಕಿ ತಿದ್ದಿ ತಿದ್ದಿ ಬದಲಾಯಿಸಿದ ಘಟ್ಟಗಳೆಲ್ಲ ನನಗೆ ಬೇಕಾಗಿದ್ದರಿಂದ, ಮುಖ್ಯವಾದ ಆವೃತ್ತಿಗಳನ್ನು ಒಂದೊಂದಾಗಿ ತೆರೆದು, ದಿನಾಂಕವನ್ನು ಹೆಸರಿಗೆ ಸೇರಿಸಿ ಬೇರೆ ಬೇರೆ ಕಡತಗಳಾಗಿ ಉಳಿಸಿಕೊಂಡೆ.

ಇಷ್ಟೆಲ್ಲ ಮಾಡಿದರೂ ಕೈತಪ್ಪಬಹುದಾದದ್ದು ಒಂದಿದೆ, ಮತ್ತು ನಮ್ಮ ತಂಡದಲ್ಲಿ ಅದು ಬಹುತೇಕ ತಪ್ಪಿಹೋಗಿತ್ತು. ನಾವು ನಾಲ್ವರು ಸೇರಿ ಕೆರೆಯಂಗಳಗಳ ಸುತ್ತ ವಾಸಿಸುವ ಹಿರಿಯರನ್ನು ಮಾತನಾಡಿಸಿ ತಯಾರಿಸಿದ ಕೋಷ್ಟಕ ಇಡೀ ತರಗತಿಯ ಆಸ್ತಿಯಂತಿತ್ತು. ಅದರ ಒಡೆತನ ಪಾವಗಡ ಕಡೆಯ ನನ್ನ ಗೆಳತಿಯ ಖಾತೆಯಲ್ಲಿತ್ತು. ನಮಗೆಲ್ಲ ತೆರೆಯುವ, ತಿದ್ದುವ ಅಧಿಕಾರವಿದ್ದರೂ, ಒಡೆಯರ ಖಾತೆ ಅಳಿದರೆ ಹಂಚಿಕೊಂಡ ಎಲ್ಲರಿಗೂ ಆ ಕಡತ ಇಲ್ಲವಾಗುತ್ತದೆ. ಸಂಸ್ಥೆಯ ಖಾತೆಯಿಂದ ಹೊರಗಿನ ಖಾಸಗಿ ಖಾತೆಗೆ ಒಡೆತನವನ್ನು ವರ್ಗಾಯಿಸುವ ಅವಕಾಶವೂ ಇಲ್ಲ. ನಕಲು ಮಾಡಿಕೊಳ್ಳುವುದೊಂದೇ ದಾರಿ. ಗೆಳತಿ ಆಗಲೇ ಊರಿನಲ್ಲಿದ್ದಳು. ‘ಲೇ, ಕೋಷ್ಟಕ ನಿನ್ನ ಹೆಸ್ರಲ್ಲೇ ಐತೆ ಕಣೇ, ತಿಂಗ್ಳ ಕೊನೆಗೆ ಹೋಗುತ್ತೆ’ ಎಂದು ಫೋನಿನಲ್ಲಿ ಹೇಳಿದಾಗ ಅವಳಿಗೆ ಸೂಚನೆಯ ಸುದ್ದಿಯೇ ಇರಲಿಲ್ಲ. ನಾವು ಮೂವರೂ ಆ ಸಂಜೆಯೇ ನಕಲು ಮಾಡಿಕೊಂಡೆವು. ಅದರಲ್ಲಿ ಮಾತನಾಡಿದ ಹಿರಿಯರಲ್ಲಿ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಹೇಳಿದ ಕೋಡಿ ಹರಿಯುತ್ತಿದ್ದ ದಾರಿಯ ವಿವರ ಬೇರೆಲ್ಲೂ ದಾಖಲಾಗಿಲ್ಲ.

ಇದಾದ ಮೇಲೆ ನಾವು ಕೆಲವರು ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಮನವಿ ಬರೆದೆವು. ಖಾತೆ ಮುಚ್ಚುವ ಸೂಚನೆಯನ್ನು ಪ್ರವೇಶದ ಸಮಯದಲ್ಲಿ ಕೊಟ್ಟ ಮೊಬೈಲ್ ಸಂಖ್ಯೆಗೂ ಸ್ವಂತ ಇಮೇಲಿಗೂ ಕಳಿಸಬೇಕು, ಘಟಿಕೋತ್ಸವ ಮುಗಿಯುವವರೆಗೆ ಖಾತೆಯನ್ನು ತೆರೆದಿಡಬೇಕು, ಆಮೇಲೆ ಒಂದು ವರ್ಷದವರೆಗೆ ಆ ವಿಳಾಸಕ್ಕೆ ಬರುವ ಪತ್ರಗಳನ್ನು ವಿದ್ಯಾರ್ಥಿ ಸೂಚಿಸಿದ ವಿಳಾಸಕ್ಕೆ ರವಾನಿಸಬೇಕು ಎಂಬುದು ಅದರಲ್ಲಿದ್ದ ಕೋರಿಕೆ. ಮನವಿಯನ್ನು ಕನ್ನಡದಲ್ಲಿ ಬರೆದು, ಆ ಖಾತೆಯಿಂದಲೇ ಕಳಿಸಿ, ಮುದ್ರಿತ ಪ್ರತಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆವು. ಕಂಪ್ಯೂಟರ್ ಕೇಂದ್ರದ ಮುಖ್ಯಸ್ಥರು ನಮ್ಮನ್ನು ಕರೆಸಿ ಮಾತನಾಡಿದರು. ಸಂಗ್ರಹದ ಮಿತಿ ಬಂದ ಮೇಲೆ ಹೊಸಬರಿಗೆ ಜಾಗ ಬೇಕು, ಹಳೆಯ ಖಾತೆಗಳು ಯಾರ ಗಮನವೂ ಇಲ್ಲದೆ ಉಳಿದರೆ ಕದಿಯುವವರಿಗೆ ಅನುಕೂಲ ಎಂಬ ಅವರ ಮಾತಿನಲ್ಲಿ ಹುರುಳಿತ್ತು. ಆದರೆ ಪತ್ರಗಳನ್ನು ಬೇರೆ ವಿಳಾಸಕ್ಕೆ ರವಾನಿಸುವುದಕ್ಕೆ ಜಾಗದ ಖರ್ಚು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂಬುದನ್ನು ನಾವೂ ಹೇಳಿದೆವು, ಅವರೂ ಒಪ್ಪಿದರು. ಮೊದಲ ಎರಡು ಕೋರಿಕೆಗಳಿಗೆ ಒಪ್ಪಿಗೆ ಸಿಕ್ಕಿ, ನಮ್ಮ ತಂಡದ ಖಾತೆಗಳು ಘಟಿಕೋತ್ಸವದವರೆಗೆ ಉಳಿದವು. ಮೂರನೆಯದು ಇನ್ನೂ ಪರಿಶೀಲನೆಯಲ್ಲಿದೆ. ಈಗ ಎರಡನೇ ವರ್ಷದಲ್ಲಿರುವ ವಿದ್ಯಾರ್ಥಿಗಳು ಅದನ್ನು ಮುಂದುವರಿಸುವುದಾಗಿ ಹೇಳಿ ನಮ್ಮ ಮನವಿಯ ಪ್ರತಿಯನ್ನೂ ಸ್ವೀಕೃತಿಯ ಪ್ರತಿಯನ್ನೂ ಪಡೆದುಕೊಂಡಿದ್ದಾರೆ.